50 ಗ್ರಾಂ ಸುಣ್ಣದ ಕಲ್ಲು ಕಾಯಿಸಿದರೆ 25 + 25 ಯಾಕೆ ಆಗಲ್ಲ? ಫಸ್ಟ್ ಪಿಯು ಹೋಂವರ್ಕ್, ಸ್ವಲ್ಪ ಬಿಡಿಸಿ ಹೇಳಿ

ಲೆಕ್ಕದಮ್ಮ

ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ ಫಸ್ಟ್ ಪಿಯು ಸೈನ್ಸ್‌ಗೆ ಸೇರಿದ್ದಾನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮೀಡಿಯಂ. ವಿಜ್ಞಾನದಲ್ಲಿ ಒಳ್ಳೆ ಅಂಕ ಬಂದಿತ್ತು, ಆ ಧೈರ್ಯದ ಮೇಲೆ ಸೇರಿಸಿದೆವು. ಈಗ ನೋಡಿದರೆ ಎಲ್ಲಾ ಇಂಗ್ಲಿಷಿನಲ್ಲಿ, ಅದರಲ್ಲೂ ಕೆಮಿಸ್ಟ್ರಿಯ ಮೊದಲನೇ ಪಾಠದಲ್ಲೇ ಮೋಲ್ ಅಂತೆ. ಸಂಜೆ ಆರಕ್ಕೆ ನೋಟ್‌ಬುಕ್ ಹಿಡಿದು ಕೂತ ಹುಡುಗ ಒಂಬತ್ತಾದರೂ ಏಳುವುದಿಲ್ಲ, ಬರೆಯುವುದು ಅಳಿಸುವುದು, ಬರೆಯುವುದು ಅಳಿಸುವುದು, ನಿನ್ನೆ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತೇ ಆಗಿತ್ತು. ಟ್ಯೂಷನ್‌ಗೆ ಹಾಕೋಣ ಎಂದರೆ ಬೇಡ ಅನ್ನುತ್ತಾನೆ.

ನಾನು ಬಿ.ಕಾಂ. ಓದಿದವಳು. ಒಂದು ಆಡಿಟರ್ ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕೆಮಿಸ್ಟ್ರಿ ಹೈಸ್ಕೂಲಿನಲ್ಲಿ ಓದಿದ್ದೇ ಕೊನೆ. ಆದರೂ ಲೆಕ್ಕ ಅಂದ ಮೇಲೆ ಲೆಕ್ಕವೇ ಅಲ್ವಾ ಅಂತ ಅವನ ಪಕ್ಕ ಕೂತೆ. ಮೂರು ಕಡೆ ಇಬ್ಬರೂ ಸಿಕ್ಕಿಹಾಕಿಕೊಂಡೆವು.

ಮೊದಲನೆಯದು. 50 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ (ಅದೇ ಸುಣ್ಣದ ಕಲ್ಲು) ಚೆನ್ನಾಗಿ ಕಾಯಿಸಿದರೆ ಎಷ್ಟು ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಸಿಗುತ್ತದೆ? ಸಮೀಕರಣ ಅವನೇ ಬರೆದ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಎಡಗಡೆ ಒಂದು. ಬಲಗಡೆ ಒಂದು ಮತ್ತು ಒಂದು. ಹಾಗಾಗಿ ಇದ್ದ 50 ಗ್ರಾಂ ಇಬ್ಬರಿಗೂ ಸಮ ಹಂಚಿ 25, 25 ಅಂತ ಬರೆದ. ನನಗೂ ಸರಿ ಅನ್ನಿಸಿತು. ಪುಸ್ತಕದ ಹಿಂದೆ ಇರುವ ಉತ್ತರ 28. ಜೊತೆಗೆ ಇನ್ನೊಂದು ಇದೆ, ಇದು ನನ್ನದೇ ತಲೆನೋವು. ಈ ಸಮೀಕರಣ ಆಗಲೇ ಸರಿದೂಗಿದೆ ಅನ್ನುತ್ತಾನೆ. ಎಡಗಡೆ ಒಂದು, ಬಲಗಡೆ ಎರಡು ಇದ್ದರೆ ಅದು ಹೇಗೆ ಟ್ಯಾಲಿ ಆಯಿತು? ನಮ್ಮ ಆಫೀಸಿನಲ್ಲಿ ಹೀಗೆ ಬರೆದುಕೊಂಡು ಹೋದರೆ ಫೈಲು ಮುಖಕ್ಕೆ ಬರುತ್ತದೆ.

ಎರಡನೆಯದು. ಮುಚ್ಚಿದ ಪಾತ್ರೆಯಲ್ಲಿ 2.4 ಗ್ರಾಂ ಮೆಗ್ನೀಸಿಯಂ ಮತ್ತು 2.4 ಗ್ರಾಂ ಆಕ್ಸಿಜನ್ ಇಟ್ಟು ಉರಿಸಿದರೆ ಮೆಗ್ನೀಸಿಯಂ ಆಕ್ಸೈಡ್ ಎಷ್ಟು? ರಾಶಿ ಸಂರಕ್ಷಣಾ ನಿಯಮ ಇದೆಯಲ್ಲ, ಒಳಗೆ ಹೋದಷ್ಟೇ ತೂಕ ಹೊರಗೂ ಇರಬೇಕು ಅಂತ, ಎರಡೂ ಕೂಡಿಸಿ 4.8 ಅಂದ. ಉತ್ತರ 4 ಅಂತೆ. ಉಳಿದ 0.8 ಗ್ರಾಂ ಯಾರ ಖಾತೆಗೆ ಹೋಯಿತು?

ಮೂರನೆಯದು ಫಿಸಿಕ್ಸ್. ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಬಸ್ಸು ಬ್ರೇಕ್ ಹಾಕಿದ ಮೇಲೆ 5 ಸೆಕೆಂಡಿನಲ್ಲಿ ನಿಲ್ಲುತ್ತದೆ, ಅಷ್ಟರಲ್ಲಿ ಎಷ್ಟು ದೂರ ಹೋಗಿರುತ್ತದೆ? ಇವನ ಉತ್ತರ 135 ಮೀಟರ್. ಪುಸ್ತಕದ್ದು 37.5.

ಉತ್ತರ ಬೇಕಾಗಿಲ್ಲ, ಅದು ಪುಸ್ತಕದಲ್ಲೇ ಇದೆ. ನಾವು ಎಲ್ಲಿ ಜಾರುತ್ತಿದ್ದೇವೆ ಅಂತ ಯಾರಾದರೂ ಹೇಳಿದರೆ ಸಾಕು.

ಹಳೇ_ಮೇಷ್ಟ್ರು

ತಾಯಿ, ಮೊದಲಿಗೆ, 25 + 25 ಬರೆದಿದ್ದಕ್ಕೆ ಹುಡುಗನನ್ನು ಬೈಯಬೇಡಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟಿದ್ದೇನೆ, ಈ ತಪ್ಪು ಮಾಡದ ಬ್ಯಾಚೇ ನಾನು ನೋಡಿಲ್ಲ. ಸುಮ್ನೆ ಬಾಯಿಪಾಠ ಮಾಡುವವನು ಈ ತಪ್ಪು ಮಾಡುವುದಿಲ್ಲ, ಸಮೀಕರಣ ನೋಡಿ ತಾನೇ ಯೋಚನೆ ಮಾಡಿದವನು ಮಾಡುತ್ತಾನೆ.

ಮದುವೆ ಮನೆಯ ತಾಂಬೂಲದ ಚೀಲ ನೆನಪು ಮಾಡಿಕೊಳ್ಳಿ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ಅಡಿಕೆ. ಚೀಲ ಬಿಚ್ಚಿ ಕಾಯಿ ಈ ಕಡೆ, ಅಡಿಕೆ ಆ ಕಡೆ ಇಡಿ. ಎಣಿಸಿದರೆ ಎರಡೂ ಒಂದೊಂದೇ. ಹಾಗಂತ ತಕ್ಕಡಿಯಲ್ಲಿ ಸಮ ತೂಗುತ್ತವಾ? ಸಮೀಕರಣದಲ್ಲಿ ಮುಂದೆ ಬರುವ 1, 2, 3 ಎಲ್ಲ ಎಣಿಕೆ. ಅದರಲ್ಲಿ ತೂಕದ ಮಾತೇ ಇಲ್ಲ. ನಿಮ್ಮ ಮಗ ಎಣಿಕೆಯನ್ನು ತೂಕ ಅಂದುಕೊಂಡು ಹಂಚಿದ್ದಾನೆ, ಅಷ್ಟೇ.

ಇನ್ನು ನಿಮ್ಮ ಟ್ಯಾಲಿ ಪ್ರಶ್ನೆ. ಅದು ಒಳ್ಳೆ ಪ್ರಶ್ನೆ, ಯಾಕೆಂದರೆ ನೀವು ಟ್ಯಾಲಿ ಮಾಡುತ್ತಿರುವ ಕಾಲಂ ಬೇರೆ. ಒಂದು ಕೂಡು ಕುಟುಂಬ ಅಂದುಕೊಳ್ಳಿ, ಐದು ಜನ. ಕ್ಯಾಲ್ಸಿಯಂ ಒಬ್ಬ, ಕಾರ್ಬನ್ ಒಬ್ಬ, ಆಕ್ಸಿಜನ್ ಮೂವರು. ಮನೆಗೆ ಬೆಂಕಿ ಬಿತ್ತು, ಹಿಸ್ಸೆ ಆಯಿತು. ಕ್ಯಾಲ್ಸಿಯಂ ಒಂದು ಆಕ್ಸಿಜನ್ ಕರೆದುಕೊಂಡು ಬೇರೆ ಮನೆ ಮಾಡಿದ. ಕಾರ್ಬನ್ ಉಳಿದ ಎರಡು ಆಕ್ಸಿಜನ್ ಕರೆದುಕೊಂಡು ಗಾಳಿಗೆ ಹೊರಟ. ಮನೆಗಳ ಲೆಕ್ಕ ಒಂದಿದ್ದದ್ದು ಎರಡಾಯಿತು. ಜನರ ಲೆಕ್ಕ ಆಗಲೂ ಐದು, ಈಗಲೂ ಐದು. ಸರಿದೂಗಬೇಕಾದದ್ದು ಪರಮಾಣುಗಳು, ಅಣುಗಳಲ್ಲ.

ಈಗ ತೂಕಕ್ಕೆ ಬನ್ನಿ. ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16. ಇವು ಒಂದಕ್ಕೊಂದು ಹೋಲಿಸಿದ ತೂಕ. ಸುಣ್ಣದ ಕಲ್ಲಿಗೆ 40 + 12 + 16 + 16 + 16 = 100. ಹಿಸ್ಸೆ ಆದ ಮೇಲೆ ಕ್ಯಾಲ್ಸಿಯಂ ಮನೆಗೆ 40 + 16 = 56. ಕಾರ್ಬನ್ ಮನೆಗೆ 12 + 32 = 44. ಕೂಡಿಸಿ, 100. ನೂರಕ್ಕೆ 56 ಮತ್ತು 44 ಆದರೆ ಐವತ್ತಕ್ಕೆ 28 ಮತ್ತು 22. ಮತ್ತೆ ಕೂಡಿಸಿ ನೋಡಿ, 50.

ಮೋಲ್ ಅಂದರೆ ಇಷ್ಟೇ, ಡಜನ್ ಇದ್ದ ಹಾಗೆ ಒಂದು ಎಣಿಕೆ. ಡಜನ್ ಅಂದರೆ 12, ಮೋಲ್ ಅಂದರೆ ಸುಮಾರು 6.022 × 10²³. ಅಷ್ಟು ದೊಡ್ಡ ಸಂಖ್ಯೆ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಅಷ್ಟು ಎಣಿಸಿ ತಕ್ಕಡಿಗೆ ಹಾಕಿದರೆ ಕಾರ್ಬನ್ 12 ಗ್ರಾಂ ತೂಗುತ್ತದೆ, ಕ್ಯಾಲ್ಸಿಯಂ 40 ಗ್ರಾಂ ತೂಗುತ್ತದೆ, ಪಟ್ಟಿಯಲ್ಲಿರುವ ಅಂಕಿಯೇ ಗ್ರಾಂ ಆಗಿ ಕೈಗೆ ಸಿಗುತ್ತದೆ. ಆ ಅನುಕೂಲಕ್ಕೇ ಆ ಸಂಖ್ಯೆ. ಮೊದಲು 12 ಗ್ರಾಂ ಕಾರ್ಬನ್‌ನಲ್ಲಿ ಎಷ್ಟು ಪರಮಾಣು ಇದೆಯೋ ಅಷ್ಟು ಅಂತ ಹೇಳುತ್ತಿದ್ದರು, 2019ರ ಮೇ 20ರಿಂದ ಸಂಖ್ಯೆಯನ್ನೇ 6.02214076 × 10²³ ಅಂತ ಗಟ್ಟಿ ಮಾಡಿಬಿಟ್ಟರು. ಲೆಕ್ಕ ಮಾಡುವ ಹುಡುಗರಿಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ.

ಎರಡನೇ ಲೆಕ್ಕ ನಾಳೆ ಬರೆಯುತ್ತೇನೆ, ಕಣ್ಣು ನೋಯುತ್ತಿದೆ. ಅಷ್ಟರೊಳಗೆ ಅವನಿಗೆ ಒಂದು ಪ್ರಶ್ನೆ ಕೇಳಿ: 100 ತೆಂಗಿನಕಾಯಿ, 150 ವೀಳ್ಯದೆಲೆ, ಅಡಿಕೆ ಬೇಕಾದಷ್ಟು ಇದೆ, ಎಷ್ಟು ತಾಂಬೂಲದ ಚೀಲ ಆಗುತ್ತದೆ?

ಗೂಗ್ಲಿ44

ಮೇಷ್ಟ್ರೇ, ತಾಂಬೂಲ ಎಲ್ಲಾ ಚೆನ್ನಾಗಿದೆ, ಆದರೆ ಇದಕ್ಕೆ ಮೋಲ್ ಯಾಕೆ ಬೇಕಿತ್ತು? ತ್ರೈರಾಶಿ ಸಾಕು. 100ಕ್ಕೆ 56 ಆದರೆ 50ಕ್ಕೆ ಎಷ್ಟು, ಮುಗೀತು, ಎರಡು ಸಾಲು. ನೀವೂ ಕೊನೆಗೆ ಮಾಡಿದ್ದು ಅದನ್ನೇ ಅಲ್ವಾ? ನಾನು ಸಿಇಟಿ ಬರೆದು ಬಂದವನು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ಕೂತು ಗ್ರಾಂ ಅನ್ನು ಮೋಲ್ ಮಾಡಿ, ಮೋಲ್ ಅನ್ನು ವಾಪಸ್ ಗ್ರಾಂ ಮಾಡುತ್ತಾ ಇದ್ದರೆ ಬೆಲ್ ಹೊಡೆಯುತ್ತದೆ. ಕಾಲೇಜಿನಲ್ಲಿ ಮೋಲ್ ಮೋಲ್ ಅಂತ ಹೆದರಿಸುತ್ತಾರೆ, ಅರ್ಧ ಮಕ್ಕಳು ಆ ಹೆಸರಿಗೇ ಕೆಮಿಸ್ಟ್ರಿ ಬಿಡುತ್ತಾರೆ.

ಚೀಲ 75. ಕಾಯಿ 25 ಉಳಿಯುತ್ತೆ 😀

ಹಳೇ_ಮೇಷ್ಟ್ರು

ಗೂಗ್ಲಿಯವರೇ, ಮೊದಲನೇ ಲೆಕ್ಕಕ್ಕೆ ತ್ರೈರಾಶಿ ಸಾಕು, ಒಪ್ಪಿದೆ. ಎರಡನೆಯದನ್ನೂ ಅದರಲ್ಲೇ ಮಾಡಿ ತೋರಿಸಿ ನೋಡೋಣ.

ಗೂಗ್ಲಿ44

ತಗೊಳ್ಳಿ. 2 ಮೆಗ್ನೀಸಿಯಂ + 1 ಆಕ್ಸಿಜನ್ ಅಣು → 2 ಮೆಗ್ನೀಸಿಯಂ ಆಕ್ಸೈಡ್. ಮೆಗ್ನೀಸಿಯಂ 24, ಎರಡಕ್ಕೆ 48. ಆಕ್ಸಿಜನ್ ಅಣು 32. ಸೇರಿದರೆ 80. ಅಂದರೆ 48 ಗ್ರಾಂ ಮೆಗ್ನೀಸಿಯಂಗೆ 32 ಗ್ರಾಂ ಆಕ್ಸಿಜನ್ ಬೇಕು. 2.4 ಗ್ರಾಂಗೆ 1.6 ಗ್ರಾಂ ಬೇಕು. ಇರುವುದು 2.4. ಮೆಗ್ನೀಸಿಯಂ ಖಾಲಿ, 0.8 ಗ್ರಾಂ ಆಕ್ಸಿಜನ್ ಹಾಗೇ ಉಳಿಯಿತು. ಆಕ್ಸೈಡ್ 2.4 + 1.6 = 4. ಅಕ್ಕ, ನಿಮ್ಮ 0.8 ಯಾರ ಖಾತೆಗೂ ಹೋಗಿಲ್ಲ, ಕ್ಲೋಸಿಂಗ್ ಸ್ಟಾಕ್‌ನಲ್ಲಿದೆ.

ಹಳೇ_ಮೇಷ್ಟ್ರು

ಸೋತೆ. ಕ್ಲೋಸಿಂಗ್ ಸ್ಟಾಕ್ ನನಗೆ ಹೊಳೆದಿರಲಿಲ್ಲ.

ಆದರೂ ಒಂದು ಮಾತು. 22.7 ಲೀಟರ್ ಗಾಳಿ ಕೊಟ್ಟು, ಒಂದು ಲೋಟ ಆಸಿಡ್ ದ್ರಾವಣ ಕೊಟ್ಟು, ಒಂದು ಚೂರು ಸತು ಕೊಟ್ಟು ಲೆಕ್ಕ ಕೇಳಿದಾಗ ಲೀಟರ್, ದ್ರಾವಣದ ಗಾಢತೆ, ಗ್ರಾಂ ಮೂರನ್ನೂ ಯಾವ ಭಾಷೆಯಲ್ಲಿ ಮಾತಾಡಿಸುತ್ತೀರಿ? ಅಲ್ಲಿ ಎಲ್ಲವನ್ನೂ ಎಣಿಕೆಗೆ ತರಲೇಬೇಕು. ಮುಂದಿನ ಪಾಠಗಳಲ್ಲಿ ಅದೇ ಬರುತ್ತದೆ. ಈಗಲೇ ಅಭ್ಯಾಸ ಆದರೆ ಆಗ ಕಷ್ಟ ಇಲ್ಲ, ಅದಕ್ಕೆ ಹೇಳಿದ್ದು. ಅಂದ ಹಾಗೆ ಒಂದು ಮೋಲ್ ಅನಿಲ ಎಷ್ಟು ಜಾಗ ಹಿಡಿಯುತ್ತದೆ ಅಂತ ಹಳೇ ಪುಸ್ತಕ ನೋಡಿದರೆ 22.4 ಲೀಟರ್ ಅಂತ ಇರುತ್ತದೆ, ಹೊಸದರಲ್ಲಿ 22.7. ಎರಡೂ ತಪ್ಪಲ್ಲ. 0 ಡಿಗ್ರಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಇಟ್ಟುಕೊಂಡರೆ 22.4, 1 ಬಾರ್ ಇಟ್ಟುಕೊಂಡರೆ 22.7. ಅಣ್ಣನ ಹಳೇ ಗೈಡ್ ಇಟ್ಟುಕೊಂಡು ಓದುವ ಮಕ್ಕಳು ಇಲ್ಲಿ ಗ್ಯಾರಂಟಿ ಒದ್ದಾಡುತ್ತಾರೆ.

ಕಡಲತಡಿ

ನಾನು ಕೆಮಿಸ್ಟ್ರಿಯವನಲ್ಲ, ಆದರೆ ಸುಣ್ಣದ ವಿಷಯ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆ ಕರಾವಳಿಯಲ್ಲಿ ಕಲ್ಲು ಸುಡುವುದಕ್ಕಿಂತ ಚಿಪ್ಪು ಸುಡುವುದೇ ಜಾಸ್ತಿ. ಹೊಳೆ ಕಡಲು ಸೇರುವಲ್ಲಿ ಆರಿಸಿದ ಚಿಪ್ಪು. ಚಿಪ್ಪೂ ಹೆಚ್ಚುಕಡಿಮೆ ನಿಮ್ಮ ಮಗನ ಕ್ಯಾಲ್ಸಿಯಂ ಕಾರ್ಬೊನೇಟೇ. ನಮ್ಮಜ್ಜ ಅಂಥದೊಂದು ಭಟ್ಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ನಿಮ್ಮ ಹಾಗೆಯೇ. ಚಿಪ್ಪು ಒಂದು ಪದರ, ಇದ್ದಿಲು ಒಂದು ಪದರ, ಮತ್ತೆ ಚಿಪ್ಪು. ಕೆಳಗಿನಿಂದ ಗಾಳಿ ಊದುವುದು. ಸುಮಾರು 900 ಡಿಗ್ರಿಗೆ ಹತ್ತಿರ ಹೋಗಬೇಕು, ಮನೆ ಒಲೆಯ ಶಾಖಕ್ಕೆ ಅದು ಜಗ್ಗುವುದಿಲ್ಲ.

ನನಗೆ ಸಣ್ಣವನಿದ್ದಾಗ ಆಶ್ಚರ್ಯ ಆಗುತ್ತಿದ್ದದ್ದು ಒಂದೇ. ಸುಟ್ಟು ತೆಗೆದ ಮೇಲೆ ಚಿಪ್ಪು ಚಿಪ್ಪಿನ ಹಾಗೆಯೇ ಇರುತ್ತದೆ. ಗೆರೆ ಸಮೇತ. ಆದರೆ ತಣಿದ ಮೇಲೆ ಅಜ್ಜ ಕಬ್ಬಿಣದ ಸೌಟಿನಲ್ಲಿ ಎತ್ತಿ ತೋರಿಸಿದರೆ ಒಳಗೆ ಯಾರೋ ಕದ್ದುಕೊಂಡು ಹೋದ ಹಾಗೆ ಹಗುರ. ನೂರು ಕೆ.ಜಿ. ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಿಗುತ್ತದೆ, ಉಳಿದದ್ದು ಹೊಗೆಯಲ್ಲಿ ಹೋಗುತ್ತದೆ ಅಂತ ಅಜ್ಜ ಹೇಳುತ್ತಿದ್ದರು. ಇವತ್ತು ಮೇಷ್ಟ್ರ 56 ಓದಿದ ಮೇಲೆ ನೆನಪಾಯಿತು. ಅಜ್ಜನಿಗೆ ಪರಮಾಣು ರಾಶಿ ಗೊತ್ತಿರಲಿಲ್ಲ, ತಕ್ಕಡಿ ಗೊತ್ತಿತ್ತು.

ಆಮೇಲೆ ಸುಟ್ಟ ಸುಣ್ಣಕ್ಕೆ ನೀರು ಚಿಮುಕಿಸುತ್ತಾರೆ. ಮೊದಲು ಏನೂ ಇಲ್ಲ. ಒಂದೆರಡು ನಿಮಿಷ ಬಿಟ್ಟು ಚಟ್ ಅಂತ ಬಿರುಕು, ಬುಸ್ ಅಂತ ಹಬೆ, ನೋಡನೋಡುತ್ತಿದ್ದ ಹಾಗೆ ಚಿಪ್ಪು ಉಬ್ಬಿ ಬಿಳೀ ಹಿಟ್ಟಾಗಿ ಕುಸಿಯುತ್ತದೆ. ಅರಳಿದ ಸುಣ್ಣ ಅನ್ನುವುದು ಅದಕ್ಕೇ. ಮೇಷ್ಟ್ರೇ, ತಪ್ಪಿದ್ದರೆ ತಿದ್ದಿ: 56 ಸುಟ್ಟ ಸುಣ್ಣ + 18 ನೀರು = 74 ಅರಳಿದ ಸುಣ್ಣ. ಅದನ್ನು ಗೋಡೆಗೆ ಬಳಿದರೆ ಗಾಳಿಯಿಂದ 44 ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು 100 ಸುಣ್ಣದ ಕಲ್ಲು ಆಗುತ್ತದೆ, 18 ನೀರು ಬಿಟ್ಟುಕೊಡುತ್ತದೆ. 74 + 44 = 118, 100 + 18 = 118. ಭಟ್ಟಿಯಲ್ಲಿ ಕೈಬಿಟ್ಟುಹೋದ 44 ಗೋಡೆಯ ಮೇಲೆ ವಾಪಸ್ ಬಂತು! ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹತ್ತುವುದು, ಕೆಲವು ದಿನ ಬಿಟ್ಟರೆ ಅಷ್ಟಾಗಿ ಹತ್ತದಿರುವುದು ಇದರಿಂದಲೇ.

ಮಗನಿಗೆ ಆಸೆ ಆಗಿ ಸುಟ್ಟ ಸುಣ್ಣ ತಂದು ಮನೆಯಲ್ಲಿ ನೀರು ಹಾಕಿ ನೋಡುವುದು ಬೇಡ ಅಕ್ಕ. ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮೊಟ್ಟೆ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ, ಸಣ್ಣ ಸಣ್ಣ ಗುಳ್ಳೆ ಬರುತ್ತವೆ. ಅದೂ ಅದೇ ಕಾರ್ಬನ್ ಡೈಆಕ್ಸೈಡ್.

ಹಳೇ_ಮೇಷ್ಟ್ರು

ತಿದ್ದುವುದು ಏನೂ ಇಲ್ಲ. ಕ್ಲಾಸಿನಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿದ ನೆನಪಿಲ್ಲ.

ಕಡಲತಡಿಯವರ ತಕ್ಕಡಿ ಮಾತಿಗೆ ಒಂದು ಸೇರಿಸುತ್ತೇನೆ. ಈ ರಾಶಿ ಸಂರಕ್ಷಣಾ ನಿಯಮವನ್ನು 1789ರ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿಟ್ಟ ಲವಾಸಿಯೆ ಬರೀ ವಿಜ್ಞಾನಿಯಲ್ಲ, ಫ್ರಾನ್ಸಿನ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯಲ್ಲಿ ಪಾಲುದಾರ. ಬಂದದ್ದು ಎಷ್ಟು ಹೋದದ್ದು ಎಷ್ಟು ಅಂತ ನೋಡುವುದು ಅವನ ಕಸುಬು. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಮೊದಲೂ ತೂಗಿ ಆಮೇಲೂ ತೂಗಿ, ಗಾಳಿಯನ್ನೂ ಲೆಕ್ಕಕ್ಕೆ ಹಿಡಿದ. ಪಾಪ, ಆ ತೆರಿಗೆ ಕೆಲಸವೇ ಮುಳುವಾಯಿತು, ಕ್ರಾಂತಿಯಲ್ಲಿ 1794ರ ಮೇ 8ಕ್ಕೆ ತಲೆ ಕಡಿದರು. ಲೆಕ್ಕದಮ್ಮನವರೇ, ನಿಮ್ಮ ಆಫೀಸಿನವರು ಫೈಲು ಮುಖಕ್ಕೆ ಎಸೆಯುವುದೇ ವಾಸಿ.

ಗ್ಯಾರೇಜ್_ಹುಡುಗ

ಫಿಸಿಕ್ಸ್ ಲೆಕ್ಕ ಎಲ್ಲರೂ ಮರೆತೇಬಿಟ್ರಾ? ಬಸ್ಸು ಇನ್ನೂ ನಿಂತಿಲ್ಲ.

ಅಕ್ಕ, ಸೂತ್ರ ತಪ್ಪಿಲ್ಲ. ನಿಮ್ಮ ಮಗ 54 ಅನ್ನು ಹಾಗೆಯೇ ಸೂತ್ರಕ್ಕೆ ಹಾಕಿದ್ದಾನೆ, ಅರ್ಧ × 54 × 5 = 135. 54 ಇರುವುದು ಗಂಟೆಗೆ ಕಿ.ಮೀ., 5 ಇರುವುದು ಸೆಕೆಂಡು. ಡಾಲರ್ ಮತ್ತು ರೂಪಾಯಿ ಒಂದೇ ಕಾಲಂನಲ್ಲಿ ಕೂಡಿಸಿದ ಹಾಗೆ ಆಯಿತು. ಸೆಕೆಂಡಿಗೆ 54 ಮೀಟರ್ ಅಂದರೆ ಗಂಟೆಗೆ 194 ಕಿ.ಮೀ. ಮೇಲೆ! ಆ ಸ್ಪೀಡಿನಲ್ಲಿ ಬಸ್ಸು ಓಡಿಸುವವನನ್ನು ನಾನಂತೂ ನೋಡಿಲ್ಲ.

54 ಕಿ.ಮೀ. ಅಂದರೆ 54,000 ಮೀಟರ್, ಒಂದು ಗಂಟೆ ಅಂದರೆ 3,600 ಸೆಕೆಂಡು. ಭಾಗಿಸಿ, 15 ಬರುತ್ತದೆ. ಈಗ ಸೂತ್ರವೂ ಬೇಡ. 15ರಿಂದ ಸೊನ್ನೆಗೆ ಒಂದೇ ಸಮ ಇಳಿಯಿತು, ಸರಾಸರಿ 7.5, ಐದು ಸೆಕೆಂಡಿಗೆ 37.5 ಮೀಟರ್. ಬರೆದ ಮೇಲೆ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಲು ಹೇಳಿ. ಕ್ರಿಕೆಟ್ ಪಿಚ್ 20 ಮೀಟರ್ ಚಿಲ್ಲರೆ. ಎರಡು ಪಿಚ್ ಒಳಗೆ ನಿಂತಿತು, ಸರಿ. 135 ಅಂದರೆ ಹತ್ತಿರ ಹತ್ತಿರ ಏಳು ಪಿಚ್, ಪೇಟೆಯೊಳಗೆ ಬರುವ ವೇಗದಲ್ಲಿ ಬ್ರೇಕ್ ಒತ್ತಿದ ಬಸ್ಸು ಅಷ್ಟು ದೂರ ಹೋಯಿತು ಎಂದರೆ ಗಾಡಿ ಮೊದಲು ನಮ್ಮ ಗ್ಯಾರೇಜಿಗೆ ಬರಬೇಕು.

ಅಂದ ಹಾಗೆ, ಇದೇ ಬ್ರೇಕು, ಇದೇ ಒತ್ತು, ವೇಗ ಮಾತ್ರ ಡಬಲ್, 108 ಕಿ.ಮೀ. ಎಷ್ಟು ದೂರಕ್ಕೆ ನಿಲ್ಲುತ್ತದೆ ಅಂತ ಅವನನ್ನು ಕೇಳಿ. 75 ಅಂತಾನೆ ನೋಡಿ. ಅಲ್ಲ, 150. ನಿಲ್ಲಲು ಸಮಯವೂ ಡಬಲ್, ಸರಾಸರಿ ವೇಗವೂ ಡಬಲ್, ಹಾಗಾಗಿ ದೂರ ನಾಲ್ಕು ಪಟ್ಟು. ಅದೂ ಕಾಲು ಬ್ರೇಕಿನ ಮೇಲೆ ಬಿದ್ದ ಮೇಲಿನ ಲೆಕ್ಕ. ಡ್ರೈವರ್‌ಗೆ ಕಂಡು, ಕಾಲು ಎತ್ತಿ, ಒತ್ತುವ ಒಂದು ಸೆಕೆಂಡಿನಲ್ಲಿ 30 ಮೀಟರ್ ಆಗಲೇ ಹೋಗಿರುತ್ತದೆ. ಬೈಕ್ ಕೇಳುವ ವಯಸ್ಸು ಹತ್ತಿರ ಬಂತಲ್ಲ, ಈ ಲೆಕ್ಕ ಎರಡು ಸಲ ಮಾಡಿಸಿ.

ಲೆಕ್ಕದಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಡಿಗೆ ಮುಗಿಸಿ ಅವನನ್ನು ಕೂರಿಸಿಕೊಂಡು ಎಲ್ಲಾ ಓದಿಸಿದೆ. ಹಿಸ್ಸೆ ಕಥೆ ಕೇಳಿ ನಕ್ಕ. ತಾಂಬೂಲದ ಚೀಲಕ್ಕೆ ಮೊದಲು 100 ಅಂದ, ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡು 75 ಅಂದ. ಕಾಲೇಜಿನಲ್ಲಿ ಯಾವುದು ಮೊದಲು ಮುಗಿಯುತ್ತದೆ ಅನ್ನುವುದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಅಂತ ಏನೋ ಹೆಸರು ಹೇಳಿದ್ದಾರಂತೆ, ಅದು ವೀಳ್ಯದೆಲೆ ಅಂತ ಈಗ ಗೊತ್ತಾಯಿತು ಅಂದ.

ಆದರೆ ಮೆಗ್ನೀಸಿಯಂ ಲೆಕ್ಕವನ್ನು ಮೋಲ್‌ನಲ್ಲೇ ಮಾಡುತ್ತೇನೆ, ಸಾರ್ ಕೇಳುವುದು ಹಾಗೇ ಅಂತ ಹಟ ಹಿಡಿದ. ಮಾಡಿದ. ಆಕ್ಸೈಡ್ 4 ಗ್ರಾಂ ಸರಿಯಾಗಿ ಬಂತು, ಉಳಿದ ಆಕ್ಸಿಜನ್ ಮಾತ್ರ 1.6 ಗ್ರಾಂ ಬಂತು. ನಾನು ಪಕ್ಕದಲ್ಲಿ ಟೋಟಲ್ ಹಾಕಿದೆ, 4 + 1.6 = 5.6. ಒಳಗೆ ಹೋದದ್ದು 4.8. ಎಲ್ಲೋ 0.8 ಜಾಸ್ತಿ ಹುಟ್ಟಿದೆ. ಎಲ್ಲಿ ಅಂತ ಇಬ್ಬರಿಗೂ ಸಿಗಲಿಲ್ಲ. ಅವನು ಬರೆದದ್ದು: ಮೆಗ್ನೀಸಿಯಂ 2.4 ಭಾಗಿಸು 24 = 0.1. ಆಕ್ಸಿಜನ್ 2.4 ಭಾಗಿಸು 16 = 0.15. ಬೇಕಾದದ್ದು 0.05. ಉಳಿದದ್ದು 0.1. ಅದಕ್ಕೆ 16ರಿಂದ ಗುಣಿಸಿ 1.6.

ಗೂಗ್ಲಿ44

16 ಅಲ್ಲ, 32! ಸಮೀಕರಣದಲ್ಲಿ ಇರುವುದು ಆಕ್ಸಿಜನ್ ಅಣು, ಜೋಡಿ. ಇದಕ್ಕೇ ನಾನು ತ್ರೈರಾಶಿ ಅಂದಿದ್ದು, ಹೇಳಿದರೆ ಕೇಳಲ್ಲ.

ಹಳೇ_ಮೇಷ್ಟ್ರು

ಗೂಗ್ಲಿ ಹೇಳಿದ್ದು ಸರಿ. ಆಕ್ಸಿಜನ್ ಪಾತ್ರೆಯಲ್ಲಿ ಒಂಟಿಯಾಗಿ ಇರುವುದಿಲ್ಲ, ಜೋಡಿಯಾಗಿ ಇರುತ್ತದೆ. ಚಪ್ಪಲಿ ಅಂಗಡಿಯಲ್ಲಿ ಜೋಡಿ ಲೆಕ್ಕ ಬರೆದುಕೊಂಡು ತೂಗುವಾಗ ಒಂದು ಕಾಲಿನದು ಮಾತ್ರ ತೂಗಿದ ಹಾಗೆ. 2.4 ಭಾಗಿಸು 32 = 0.075. ಬೇಕಾದದ್ದು 0.05, ಉಳಿದದ್ದು 0.025. ಅದು 32ರಿಂದ ಗುಣಿಸಿದರೆ 0.8. ಹೈಡ್ರೋಜನ್, ನೈಟ್ರೋಜನ್, ಕ್ಲೋರಿನ್ ಕೂಡ ಹೀಗೇ ಜೋಡಿ. ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಲಿ.

ನೋಡಿ ತಾಯಿ, ಆಕ್ಸೈಡ್ ಉತ್ತರ ಮಾತ್ರ ಕೇಳಿದ್ದರೆ 4 ಬಂತು ಅಂತ ಮುಂದೆ ಹೋಗುತ್ತಿದ್ದ, ಈ ತಪ್ಪು ಪರೀಕ್ಷೆವರೆಗೂ ಹಾಗೇ ಇರುತ್ತಿತ್ತು. ನೀವು ಟೋಟಲ್ ಹಾಕಿದ್ದಕ್ಕೆ ಸಿಕ್ಕಿತು.

ಲೆಕ್ಕದಮ್ಮ

ಇವತ್ತಿನದು ಹೇಳಲೇಬೇಕು. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿದರೆ ನೀರು ಎಷ್ಟು ಅಂತ ಹೋಂವರ್ಕ್ ಕೊಟ್ಟಿದ್ದಾರೆ. ಜೋಡಿ ಮರೆಯಲಿಲ್ಲ. ಹೈಡ್ರೋಜನ್ 10 ಭಾಗಿಸು 2, ಐದು ಮೋಲ್, ಹಾಗಾಗಿ ನೀರೂ ಐದು ಮೋಲ್, 18ರಿಂದ ಗುಣಿಸಿ 90 ಗ್ರಾಂ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದ. ನಾನು ಒಲೆ ಮುಂದೆ ದೋಸೆ ತಿರುವುತ್ತಿದ್ದೆ. ಒಳಗೆ ಹಾಕಿದ್ದೆಷ್ಟೋ ಅಂದೆ. 74 ಅಂದ. 74 ಹಾಕಿ 90 ತೆಗೆದೆಯಲ್ಲೋ, ಉಳಿದ 16 ಗ್ರಾಂ ನಿಮ್ಮಪ್ಪ ಕೊಟ್ಟರಾ ಅಂದೆ. ಐದು ನಿಮಿಷ ಮಾತಿಲ್ಲ. ಆಮೇಲೆ ಒಳಗಿನಿಂದ ಕೂಗಿದ, ಅಮ್ಮಾ ಆಕ್ಸಿಜನ್ ಎರಡೇ ಮೋಲ್ ಇರೋದು, ಅದಕ್ಕೆ ನಾಲ್ಕೇ ಹೈಡ್ರೋಜನ್ ಸಾಕು, ನೀರು 72, ಹೈಡ್ರೋಜನ್ 2 ಉಳೀತು.

72ಕ್ಕೆ 2 ಸೇರಿಸಿ 74. ಅಷ್ಟರಲ್ಲಿ ದೋಸೆ ಸೀದಿತ್ತು.

ಗೂಗ್ಲಿ44

ಅದೂ ಕಾರ್ಬನ್. 12 ಅಂತ ಬರೆದುಕೊಳ್ಳಿ ಅಕ್ಕ 😀